ತಪ್ಪು ಸಿಕ್ಕಿತು, ತಿದ್ದುವುದು ಎಲ್ಲಿ?

ಯಂತ್ರಾನುವಾದದ ಓಪನ್ ಸೋರ್ಸ್ ತಂತ್ರಾಂಶಕ್ಕೆ ಮುಂದಿನ ಐದಾರು ವರ್ಷದ ಯೋಜನೆ ಹಾಕಲು ಕೂತವರು ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ: ಯಾವ ಮಾಡೆಲ್ (ಉದಾಹರಣೆಗಳಿಂದ ಅನುವಾದ ಕಲಿತ ಯಂತ್ರ) ಬಳಸೋಣ? ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ ಅನ್ನುವುದು ನನ್ನ ಲೆಕ್ಕ. ಈ ಕೆಲಸದಲ್ಲಿ ಅನುವಾದ ಮಾಡುವ ಎಂಜಿನ್‌ಗಳಿಗೆ ಆಯಸ್ಸು ಕಡಿಮೆ.

2007ರಲ್ಲಿ ಮೋಸೆಸ್ ಅನ್ನುವ ಓಪನ್ ಸೋರ್ಸ್ ಅನುವಾದ ತಂತ್ರಾಂಶ ಬಂತು. ಅಂಕಿಅಂಶ ನೆಚ್ಚಿಕೊಂಡ ಅನುವಾದಕ್ಕೆ ಹತ್ತಿರ ಹತ್ತು ವರ್ಷ ಅದೇ ಗತಿ. ಆಮೇಲೆ ಉದಾಹರಣೆಗಳಿಂದ ತಾವೇ ಕಲಿಯುವ ನ್ಯೂರಲ್ ಜಾಲಗಳು ಬಂದವು, ಮೋಸೆಸ್ ಮೂಲೆಗೆ ಸರಿಯಿತು. ಹೊಸಬರೂ ನೆಮ್ಮದಿಯಾಗೇನೂ ಇರಲಿಲ್ಲ. ನೆಮಾಟಸ್ ಅನ್ನುವ ನ್ಯೂರಲ್ ಅನುವಾದ ತಂತ್ರಾಂಶ ಥಿಯಾನೋ ಅನ್ನುವ ಕೋಡ್ ಲೈಬ್ರರಿಯ ಮೇಲೆ ನಿಂತಿತ್ತು, 2017ರಲ್ಲಿ ಥಿಯಾನೋವನ್ನೇ ಇನ್ನು ಬೆಳೆಸುವುದಿಲ್ಲ ಅಂದರು, ನೆಮಾಟಸ್ ಟೆನ್ಸರ್‌ಫ್ಲೋ ಅನ್ನುವ ಇನ್ನೊಂದು ಲೈಬ್ರರಿಗೆ ಗುಳೆ ಹೋಗಬೇಕಾಯಿತು. ಅಂಥದೇ ಇನ್ನೊಂದು ತಂತ್ರಾಂಶ ಓಪನ್‌ಎನ್‌ಎಂಟಿ 2016ರ ಕೊನೆಯಲ್ಲಿ ಲುವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಶುರುವಾಗಿ ಪೈಥಾನ್ ಭಾಷೆಗೆ ಬಂತು. ಇಷ್ಟೆಲ್ಲ ಓಡಾಟದ ನಡುವೆ ಯುರೋಪಿಯನ್ ಸಂಸತ್ತಿನ ಕಲಾಪಗಳಿಂದ ಮಾಡಿದ ಯೂರೋಪಾರ್ಲ್ ವಾಕ್ಯಜೋಡಿಗಳು (ಒಂದು ವಾಕ್ಯ, ಜೊತೆಗೆ ಅದರ ಅನುವಾದ) ಇದ್ದಲ್ಲೇ ಇದ್ದವು. ಮೋಸೆಸ್ ಕಲಿತದ್ದೂ ಅದರಿಂದ, ನ್ಯೂರಲ್ ಜಾಲಗಳು ಕಲಿತದ್ದೂ ಅದರಿಂದ.

ಹಾಗಾಗಿ ಮೊದಲು ಕೇಳಬೇಕಾದ್ದು ಬೇರೆ. ಬಳಸುವವರೊಬ್ಬರಿಗೆ ಅನುವಾದದಲ್ಲಿ ತಪ್ಪು ಸಿಕ್ಕಿತು ಅಂತಿಟ್ಟುಕೊಳ್ಳಿ. ಮೂಲದಲ್ಲಿ ‘ಈ ಮಾತ್ರೆ ತೆಗೆದುಕೊಳ್ಳಬೇಡಿ’ ಅಂತಿದೆ, ಅನುವಾದದಲ್ಲಿ ಆ ‘ಬೇಡಿ’ ಬಿದ್ದುಹೋಗಿದೆ. ಅವರಿಗೆ ಸರಿಯಾದ ವಾಕ್ಯ ಗೊತ್ತು, ತಿದ್ದಿಕೊಡಲು ಮನಸ್ಸೂ ಇದೆ. ಅದನ್ನು ಎಲ್ಲಿ ಹಾಕಬೇಕು?

ಅಪರ್ಟಿಯಂನಲ್ಲಿ ಇದಕ್ಕೆ ಸುಲಭವಾಗಿ ಉತ್ತರ ಸಿಗುತ್ತದೆ. ಸ್ಪೇನ್‌ನ ಅಲಿಕಾಂಟೆ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ತಂತ್ರಾಂಶ ನಿಘಂಟು ಮತ್ತು ವ್ಯಾಕರಣದ ನಿಯಮಗಳ ಮೇಲೆ ನಡೆಯುತ್ತದೆ. ಸ್ಪ್ಯಾನಿಷ್–ಕಟಲಾನ್ ತರಹದ ಹತ್ತಿರದ ಭಾಷೆಗಳಿಗೆ ಮಾಡಿದ್ದು. ಮೊದಲು ಪದವನ್ನು ಬಿಡಿಸಿ ಮೂಲರೂಪ, ಲಿಂಗ, ವಚನ ಗುರುತಿಸುತ್ತದೆ, ಎರಡು ಅರ್ಥ ಬರುವ ಕಡೆ ಒಂದನ್ನು ಆರಿಸುತ್ತದೆ, ಇನ್ನೊಂದು ಭಾಷೆಯ ಪದ ಹುಡುಕುತ್ತದೆ, ಪದಗಳ ಜಾಗ ಹೊಂದಿಸಿ ಕೊನೆಗೆ ಪೂರ್ಣರೂಪ ಕಟ್ಟುತ್ತದೆ. ಪ್ರತಿ ಹಂತದಿಂದ ಹೊರಬರುವುದು ಸಾದಾ ಪಠ್ಯ, ಮಧ್ಯೆ ಎಲ್ಲಿ ಬೇಕಾದರೂ ನಿಂತು ಓದಬಹುದು. ತಪ್ಪಿದ ಕಡೆ ಗುರುತನ್ನೂ ತಾನೇ ಹಾಕುತ್ತದೆ. ಪದ ಗೊತ್ತೇ ಇಲ್ಲದಿದ್ದರೆ * ಚಿಹ್ನೆ, ಪದ ಗೊತ್ತಿದ್ದು ದ್ವಿಭಾಷಾ ನಿಘಂಟಿನಲ್ಲಿ ಜೋಡಿ ಸಿಗದಿದ್ದರೆ @, ಜೋಡಿ ಸಿಕ್ಕಿಯೂ ಸರಿಯಾದ ರೂಪ ಕಟ್ಟಲಾಗದಿದ್ದರೆ #. ಯಾವ ಕಡತ ತೆರೆಯಬೇಕು ಅಂತ ಆ ಚಿಹ್ನೆಯೇ ಹೇಳಿಬಿಡುತ್ತದೆ. ಒಂದು ಸಾಲು ಸೇರಿಸಿದರೆ ಆಯಿತು. ಅನುವಾದ ನ್ಯೂರಲ್‌ನಷ್ಟು ಸರಾಗವಾಗಿರುವುದಿಲ್ಲ, ದೂರದ ಭಾಷೆಗಳಿಗಂತೂ ಒರಟು. ಆದರೂ ಈ ಚಿಹ್ನೆಗಳ ಬಗ್ಗೆ ನನಗೆ ಅಸೂಯೆಯೇ ಇದೆ.

ಯಾಕೆಂದರೆ ನ್ಯೂರಲ್ ಮಾಡೆಲ್ ಒಳಗೆ ಇರುವುದು ಕೋಟಿಗಟ್ಟಲೆ ಸಂಖ್ಯೆಗಳು. ‘ಬೇಡಿ’ ಬಿದ್ದದ್ದು ಇಂಥ ಸಂಖ್ಯೆಯಿಂದ ಅಂತ ತೋರಿಸುವ ಹಾಗಿಲ್ಲ. ಮತ್ತೆ ತರಬೇತಿ ಕೊಡಬೇಕು, ಕೊಟ್ಟಾಗ ಸರಿಯಿದ್ದ ಇನ್ನೇನೋ ಕೆಡಬಹುದು. ಹೀಗಿರುವಾಗ ಬರೀ ಆ ಸಂಖ್ಯೆಗಳನ್ನು ಡೌನ್‌ಲೋಡ್‌ಗೆ ಇಟ್ಟು ‘ಓಪನ್’ ಅನ್ನುವುದು ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ತಿದ್ದಬಹುದಾದ ಮೂಲ ಇರುವುದು ತರಬೇತಿಯ ವಾಕ್ಯಜೋಡಿಗಳಲ್ಲಿ, ಅವನ್ನು ಸೋಸಿದ ಸ್ಕ್ರಿಪ್ಟ್‌ಗಳಲ್ಲಿ. 2022ರಲ್ಲಿ ಮೆಟಾ ಬಿಟ್ಟ 200 ಭಾಷೆಗಳ ಎನ್‌ಎಲ್‌ಎಲ್‌ಬಿ ಮಾಡೆಲ್ ತುಂಬಾ ಜನಕ್ಕೆ ಉಪಯೋಗವಾಯಿತು ನಿಜ, ಆದರೆ ಅದರ ಲೈಸೆನ್ಸ್ ವಾಣಿಜ್ಯ ಬಳಕೆಗೆ ಅವಕಾಶ ಕೊಡುವುದಿಲ್ಲ. ಅದರ ಮೇಲೆ ಯೋಜನೆ ಕಟ್ಟುವವರು ಇದನ್ನು ಮೊದಲ ದಿನವೇ ಓದಿಕೊಳ್ಳಬೇಕು, ಅಲ್ವಾ?

ಹಾಗಾದರೆ ‘ಬೇಡಿ’ ದೂರು ತಂದವರಿಗೆ ಏನು ಮಾಡಬಹುದು? ಅದೇ ಬಗೆಯ ವಾಕ್ಯಗಳನ್ನು ಒಂದಷ್ಟು ಬರೆಸಿಕೊಳ್ಳಿ. ಸ್ವಲ್ಪ ತರಬೇತಿಗೆ, ಉಳಿದದ್ದು ಪರೀಕ್ಷೆಗೆ. ಪರೀಕ್ಷೆಯ ವಾಕ್ಯ ತರಬೇತಿಗೆ ನುಸುಳಬಾರದು, ನುಸುಳಿದರೆ ಪ್ರಶ್ನೆಪತ್ರಿಕೆ ಸೋರಿದ ಹಾಗೆ. ನಿಷೇಧ, ಅಂಕಿ, ತಾರೀಖು, ಹೆಸರು, ಇವಕ್ಕೆಲ್ಲ ಇಂಥ ಚಿಕ್ಕ ಚಿಕ್ಕ ಪರೀಕ್ಷೆಗಳಿರಲಿ, ಹೊಸ ಆವೃತ್ತಿ ಬಿಡುವ ಮುಂಚೆ ಪ್ರತಿ ಸಲ ಓಡಲಿ. ಅನುವಾದದ ಗುಣ ಅಳೆಯಲು 2002ರಿಂದ ಬಳಕೆಯಲ್ಲಿರುವ ಬ್ಲೂ (BLEU) ಅಂಕ ಇದನ್ನು ಹಿಡಿಯುವುದಿಲ್ಲ. ಅದು ಮನುಷ್ಯರು ಮಾಡಿದ ಅನುವಾದದ ಜೊತೆ ಪದಗಳು ಎಷ್ಟು ಹೊಂದುತ್ತವೆ ಅಂತ ಎಣಿಸುತ್ತದೆ ಅಷ್ಟೇ. ಉದ್ದದ ದಾಖಲೆಯಲ್ಲಿ ಒಂದು ‘ಬೇಡಿ’ ತಪ್ಪಿದರೆ ಅಂಕ ಅಲ್ಲಾಡುವುದೂ ಇಲ್ಲ.

ಪ್ರತಿ ವಾಕ್ಯದ ಜೊತೆ ಅದರ ಮೂಲ, ಲೈಸೆನ್ಸ್, ಬರೆದದ್ದು ಮನುಷ್ಯರೋ ಯಂತ್ರವೋ ಅನ್ನುವುದೂ ದಾಖಲಾಗಬೇಕು. ಕಡಿಮೆ ಪಠ್ಯವಿರುವ ಭಾಷೆಗಳಿಗೆ ಇದು ಇನ್ನೂ ಜಾಸ್ತಿ ಮುಖ್ಯ, ಏಕೆಂದರೆ ಅಂತರ್ಜಾಲದಿಂದ ಬಾಚಿಕೊಂಡದ್ದರಲ್ಲಿ ಯಾವುದೋ ಹಳೇ ಯಂತ್ರದ ಅನುವಾದವೇ ತುಂಬಿರುವ ಸಾಧ್ಯತೆ ಇರುತ್ತದೆ, ಹೊಸ ಯಂತ್ರ ಆ ತಪ್ಪುಗಳನ್ನೇ ಶ್ರದ್ಧೆಯಿಂದ ಕಲಿಯುತ್ತದೆ.

ಬಳಸುವವರ ಕಂಪ್ಯೂಟರಿನಲ್ಲಿ ದೊಡ್ಡ ಮಾಡೆಲ್ ಇಲ್ಲದೆ ಆಗುತ್ತದಾ ಅನ್ನುವವರು ಫೈರ್‌ಫಾಕ್ಸ್ ಬ್ರೌಸರ್ ನೋಡಬಹುದು. ಐರೋಪ್ಯ ಒಕ್ಕೂಟದ ಹಣದಲ್ಲಿ ನಡೆದ ಬರ್ಗಮಾಟ್ ಯೋಜನೆಯ ಫಲವಾಗಿ 2023ರಲ್ಲಿ ಅದಕ್ಕೆ ಅನುವಾದ ಸೇರಿತು. ಪುಟದ ಪಠ್ಯ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ದೊಡ್ಡ ಮಾಡೆಲ್‌ನಿಂದ ರಾಶಿ ವಾಕ್ಯ ಅನುವಾದಿಸಿ, ಅದನ್ನು ಪುಟ್ಟ ಮಾಡೆಲ್‌ಗೆ ಕಲಿಸಿ, ಒಳಗಿನ ಸಂಖ್ಯೆಗಳನ್ನು ಕಡಿಮೆ ಜಾಗ ಹಿಡಿಯುವ ಹಾಗೆ 8 ಬಿಟ್‌ಗೆ ಇಳಿಸುತ್ತಾರೆ. ಪುಟ್ಟ ಮಾಡೆಲ್ ಆದ್ದರಿಂದ ಮತ್ತೆ ತರಬೇತಿ ಕೊಡುವುದೂ ಅಗ್ಗ, ಅಂದರೆ ತಿದ್ದುಪಡಿ ಬೇಗ ಜನರಿಗೆ ತಲುಪುತ್ತದೆ.

ಇನ್ನು ಹಣ. ಸಂಶೋಧನೆಯ ಅನುದಾನ ಹೊಸ ಮಾಡೆಲ್‌ಗೆ ಸಿಕ್ಕಷ್ಟು ಸುಲಭವಾಗಿ ಹಳೇ ವಾಕ್ಯ ತಿದ್ದುವ ಕೆಲಸಕ್ಕೆ ಸಿಗುವುದಿಲ್ಲ. ಸುಮ್ನೆ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ ಅಂತ ಬಿಟ್ಟರೆ ಬಂದ ದೂರುಗಳು ಓದುವವರಿಲ್ಲದೆ ರಾಶಿ ಬೀಳುತ್ತಾ ಹೋಗುತ್ತವೆ. ಮುಂದಿನ ಅರ್ಜಿ ಬರೆಯುವಾಗ ತರಬೇತಿಗೆ ಬಳಸುವ ಜಿಪಿಯು ಚಿಪ್ ಇನ್ನೆರಡು ಕೇಳುವ ಸಾಲನ್ನು ಹೊಡೆದುಹಾಕಿ, ಡೇಟಾ ಮತ್ತು ಪರೀಕ್ಷೆ ನೋಡಿಕೊಳ್ಳುವ ಒಬ್ಬರಿಗೆ ಪೂರ್ತಿ ಸಂಬಳ ಕೇಳಿ.