ಪೌಡರ್ ಇರಲಿ, ಒಣ ಎಲೆ ಎಲ್ಲಿದೆ ಹೇಳಿ

ಮನೆಯಲ್ಲಿ ಕಾಂಪೋಸ್ಟ್ ಮಾಡುವವರಿಂದ ನನಗೆ ಬರುವ ಫೋನು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ‘ಡಬ್ಬಿ ವಾಸನೆ ಹೊಡೀತಿದೆ, ಯಾವ ಪೌಡರ್ ಹಾಕ್ಲಿ?’ ಪೌಡರ್ ಅಂದರೆ ಕಸ ಬೇಗ ಕೊಳೆಯಲಿ ಅಂತ ಮಾರುವ ಸೂಕ್ಷ್ಮಜೀವಿಗಳ ಪುಡಿ. ನಾನು ವಾಪಸ್ ಕೇಳುವುದೂ ಒಂದೇ ಪ್ರಶ್ನೆ. ‘ಒಣ ಎಲೆ ಎಷ್ಟು ಹಾಕ್ತೀರಿ?’ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹಾಕ್ತೀವಲ್ಲ, ದಿನಾ ಒಂದು ಹಿಡಿ.’

ಈ ಒಂದು ಹಿಡಿಯೇ ಎಲ್ಲ ತಾಪತ್ರಯಕ್ಕೂ ಮೂಲ.

ಬೆಂಗಳೂರಿನ ಮನೆಗಳಿಗೆ, ಅಪಾರ್ಟ್‌ಮೆಂಟುಗಳಿಗೆ ಹೋಗಿ ಹಸಿ ಕಸದಿಂದ ಗೊಬ್ಬರ ಮಾಡುವುದನ್ನು ಹೇಳಿಕೊಡುವುದು ನನ್ನ ಕೆಲಸ. ಯಾವ ಸಿಪ್ಪೆ ಹಾಕಬೇಕು, ಯಾವ ಎಲುಬು ಹಾಕಬಾರದು ಅನ್ನುವ ಪಟ್ಟಿ ಇಲ್ಲಿ ಕೊಡುವುದಿಲ್ಲ. ಅದು ಎಲ್ಲ ಡಬ್ಬಿಗಳ ಮೇಲೂ ಅಂಟಿಸಿರುತ್ತದೆ. ಆ ಪಟ್ಟಿಯಲ್ಲಿ ‘ಒಣ ಎಲೆ ಸೇರಿಸಿ’ ಅಂತಲೂ ಇರುತ್ತದೆ. ಎಷ್ಟು ಅನ್ನುವುದು ಮಾತ್ರ ಯಾರ ತಲೆಗೂ ಹೋಗಿರುವುದಿಲ್ಲ. ಹಾಗಾಗಿ ಒಮ್ಮೆ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಅಡುಗೆಮನೆಯ ಹಸಿ ಕಸ ಒಂದು ಕಿಲೋ ಅಂದುಕೊಳ್ಳಿ. ಸೌತೆಕಾಯಿ ಸಿಪ್ಪೆ, ಟೊಮೆಟೊ ತೊಟ್ಟು, ಸೊಪ್ಪಿನ ದಂಟು, ಕಲ್ಲಂಗಡಿ ಸಿಪ್ಪೆ. ಇದರಲ್ಲಿ ಕಡಿಮೆ ಅಂದರೂ 800 ಗ್ರಾಂ ನೀರು. ಕಣ್ಣಿಗೆ ಕಾಣುವುದಿಲ್ಲ, ಆದರೆ ಇದೆ. ಸಿಪ್ಪೆ ಕೊಳೆಯತೊಡಗಿದ ತಕ್ಷಣ ಆ ನೀರೆಲ್ಲ ಹೊರಗೆ ಬರುತ್ತದೆ. ಕಾಂಪೋಸ್ಟ್ ಚೆನ್ನಾಗಿ ನಡೆಯಬೇಕಾದರೆ ರಾಶಿಯಲ್ಲಿ ನೀರಿನ ಅಂಶ ಶೇಕಡಾ 50ರಿಂದ 60ರೊಳಗೆ ಇರಬೇಕು. 80ರಿಂದ 60ಕ್ಕೆ ಇಳಿಸಲು ಆ ಒಂದು ಕಿಲೋಗೆ ಎಷ್ಟು ಒಣ ಎಲೆ ಬೇಕು ಗೊತ್ತಾ? ಸುಮಾರು 400 ಗ್ರಾಂ. ಒಣ ಎಲೆಯಲ್ಲೂ ಶೇಕಡಾ 10ರಷ್ಟು ತೇವ ಇರುತ್ತದೆ, ಅದನ್ನೂ ಸೇರಿಸಿಯೇ ಈ ಲೆಕ್ಕ. ಬೇಕಿದ್ದರೆ ನೀವೂ ಹಾಕಿ ನೋಡಿ: ಒಟ್ಟು 1,400 ಗ್ರಾಂ, ಅದರಲ್ಲಿ ನೀರು 840.

ಈಗ ನಿಮ್ಮ ಒಂದು ಹಿಡಿ ಎಲೆಯನ್ನು ಅಡುಗೆಮನೆ ತಕ್ಕಡಿಯಲ್ಲಿಟ್ಟು ನೋಡಿ. ಹತ್ತು ಹದಿನೈದು ಗ್ರಾಂ ಬಂದರೆ ಹೆಚ್ಚು.

ದಿನಾ ತೂಕ ಮಾಡುತ್ತಾ ಕೂರಿ ಅಂತ ನಾನು ಹೇಳುತ್ತಿಲ್ಲ. ಅಳತೆ ಸುಲಭ. ಕಸ ತುಂಬಿಸಿದ ಡಬ್ಬಿಯಲ್ಲೇ ಪುಡಿ ಮಾಡಿದ ಎಲೆ ತುಂಬಿಸಿ, ಎರಡು ಡಬ್ಬಿ ಹಾಕಿ. ಗಾಳಿಯಾಡುವ ಮಣ್ಣಿನ ಮಡಕೆಯಾದರೆ ಸ್ವಲ್ಪ ನೀರು ಆವಿಯಾಗಿ ಹೋಗುತ್ತದೆ, ಆಗ ಒಂದು ಡಬ್ಬಿ ಸಾಕಾಗಬಹುದು. ಪ್ಲಾಸ್ಟಿಕ್ ಡ್ರಮ್ ಆದರೆ ಎರಡೇ ಬೇಕು. ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ನಿಮ್ಮ ಬಾಲ್ಕನಿಯ ಬಿಸಿಲು ಗಾಳಿ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾಗುವುದಿಲ್ಲ. ಆದರೆ ಒಂದು ಪರೀಕ್ಷೆ ಇದೆ. ರಾಶಿಯ ನಡುವಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ನೀರು ಧಾರೆಯಾಗಿ ಇಳಿದರೆ ಎಲೆ ಸಾಲದು. ಕೈ ಬಿಟ್ಟಾಗ ಪುಡಿಪುಡಿಯಾಗಿ ಉದುರಿದರೆ ಒಣಗಿದೆ, ನೀರು ಚಿಮುಕಿಸಿ. ಈ ಕೊನೆಯದು ನನ್ನ ಕೆಲಸದಲ್ಲಿ ಅಪರೂಪ.

ನೀರು ಜಾಸ್ತಿಯಾದರೆ ಏನಾಗುತ್ತದೆ? ಗಾಳಿ ಹೋಗುತ್ತದೆ. ನೀರಿನೊಳಗೆ ಆಕ್ಸಿಜನ್ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆ. ಸಿಪ್ಪೆಗಳ ನಡುವಿನ ಸಂದಿಯಲ್ಲಿ ನೀರು ನಿಂತಿತೋ, ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುತ್ತವೆ. ಗಾಳಿ ಇಲ್ಲದೆ ಬದುಕುವ ಇನ್ನೊಂದು ಪಂಗಡ ಬಂದು ಕೂರುತ್ತದೆ. ನಿಮಗೆ ಬರುವ ಆ ಕೊಳೆತ ಮೊಟ್ಟೆಯ ವಾಸನೆ ಅವುಗಳದ್ದು. ಮೂಗಿಗೆ ಚುರ್ ಅನ್ನುವ ಅಮೋನಿಯಾ ವಾಸನೆ ಬಂದರೆ ಕಾರಣ ಬೇರೆ. ಅಲ್ಲಿ ಸಾರಜನಕ ಜಾಸ್ತಿ, ಇಂಗಾಲ ಕಡಿಮೆ. ಸಾರಜನಕದ ಒಂದು ಪಾಲಿಗೆ ಇಂಗಾಲ 25ರಿಂದ 30 ಪಾಲು ಇರಬೇಕು. ಅಡುಗೆಮನೆ ಕಸದಲ್ಲಿ ಇಂಗಾಲ ಅಷ್ಟಿರುವುದಿಲ್ಲ, ಒಣ ಎಲೆಯಲ್ಲಿ ಬೇಕಾದಷ್ಟಿದೆ. ಅಂದರೆ ಎರಡೂ ವಾಸನೆಗೆ ಮದ್ದು ಒಂದೇ. ಎಲೆ ಹಾಕಿ, ಚೆನ್ನಾಗಿ ಕೆದಕಿ.

ಇಷ್ಟು ಹೇಳಿದ ಮೇಲೂ ಏನೇನು ನಡೆಯುತ್ತದೆ ನೋಡಿ. ಒಂದು ಮನೆಯಲ್ಲಿ ಎಲೆ ಸಿಗುವುದಿಲ್ಲ ಅಂದರು. ಸರಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಿ ಅಂದೆ. ಕೆಲವು ವಾರದ ಮೇಲೆ ಮತ್ತೆ ಫೋನು, ವಾಸನೆ ಇನ್ನೂ ಜಾಸ್ತಿಯಾಗಿದೆ ಅಂತ. ಹೋಗಿ ನೋಡಿದರೆ ಬಕೆಟ್ ತುಂಬ ನೀರಿನಲ್ಲಿ ಕೊಕೊಪೀಟ್ ಇಟ್ಟಿಗೆ ಉಬ್ಬಿಕೊಂಡು ಕೂತಿದೆ. ‘ಪ್ಯಾಕೆಟ್ ಮೇಲೆ ನೆನೆಸಿ ಬಳಸಿ ಅಂತ ಇತ್ತು’ ಅಂದರು ಮನೆಯೊಡತಿ. ಕುಂಡಕ್ಕೆ ಹಾಕುವಾಗ ನೆನೆಸುವುದು ಸರಿ. ಇಲ್ಲಿ ನೀರು ಹೀರಲಿ ಅಂತ ತಾನೇ ಹಾಕುವುದು? ಅವರನ್ನು ಬೈಯಲೂ ಮನಸ್ಸು ಬರಲಿಲ್ಲ. ದಿನಾ ಮುತುವರ್ಜಿಯಿಂದ ನೆನೆಸಿ, ಹಿಂಡಿ, ಪದರ ಪದರವಾಗಿ ಹಾಕಿದ್ದರು ಪಾಪ.

ಇನ್ನೊಬ್ಬರು ಮಣ್ಣಿನ ಮಡಕೆಗೆ ಎನಾಮಲ್ ಪೇಂಟ್ ಬಳಿದು ಮೇಲೆ ವಾರ್ಲಿ ಚಿತ್ರ ಬರೆದಿದ್ದರು. ನೋಡಲು ಬಲು ಚೆಂದ. ಆದರೆ ಮಣ್ಣಿನ ಮಡಕೆಗೆ ದುಡ್ಡು ಕೊಡುವುದೇ ಅದು ಉಸಿರಾಡುತ್ತದೆ ಅಂತ. ಬಣ್ಣ ಬಳಿಯಲೇಬೇಕೆಂದಿದ್ದರೆ ಸುಣ್ಣವೋ ಕೆಮ್ಮಣ್ಣೋ ಬಳಿಯಿರಿ.

ಪೌಡರ್ ವಿಷಯಕ್ಕೆ ಬರುತ್ತೇನೆ. ಅದು ಮೋಸ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ತಯಾರಿಕೆಗಳಿವೆ, ದೊಡ್ಡ ಅಪಾರ್ಟ್‌ಮೆಂಟಿನ ತೊಟ್ಟಿಗಳಲ್ಲಿ ಮೊದಲ ಸಲ ಶುರು ಮಾಡುವಾಗ ನಾನೂ ಬಳಸುತ್ತೇನೆ. ಆದರೆ ಸೂಕ್ಷ್ಮಜೀವಿಗಳಿಗೇನೂ ಬರವಿಲ್ಲ. ಸಿಪ್ಪೆಯ ಮೇಲೆ, ಎಲೆಯ ಮೇಲೆ, ಮಣ್ಣಿನಲ್ಲಿ ಎಲ್ಲೆಲ್ಲೂ ಇವೆ. ಹಳೆಯ ಗೊಬ್ಬರ ಒಂದು ಬೊಗಸೆ ಹಾಕಿದರೆ ಸಾಕು. ಅವುಗಳಿಗೆ ಇಲ್ಲದಿರುವುದು ಗಾಳಿ. ಮುಳುಗುತ್ತಿರುವ ದೋಣಿಗೆ ಇನ್ನಷ್ಟು ಜನ ಹತ್ತಿಸಿದಂತೆ ಪೌಡರ್ ಸುರಿದು ಏನು ಪ್ರಯೋಜನ? ಕೆಲವರಿಗೆ ಅದರಿಂದ ವಾಸನೆ ಕಡಿಮೆಯಾಗುವುದೂ ನಿಜ. ಎಷ್ಟೋ ಪೌಡರುಗಳಲ್ಲಿ ಕೊಕೊಪೀಟೋ ಮರದ ಹೊಟ್ಟೋ ಇರುತ್ತದೆ, ಅದು ನೀರು ಹೀರುತ್ತದೆ. ಹುಳಿ ಮಜ್ಜಿಗೆ, ಬೆಲ್ಲದ ನೀರು ಹಾಕುವವರೂ ಇದ್ದಾರೆ. ಒಣಗಿದ ರಾಶಿಗೆ ಹಾಕಿದರೆ ಒಳ್ಳೆಯದೇ. ಒದ್ದೆ ಮುದ್ದೆಯಾಗಿರುವ ಡಬ್ಬಿಗೆ ಮತ್ತೆ ನೀರು ಸುರಿಯುವುದು ಯಾಕೆ?

ಒಂದು ಅಪಾರ್ಟ್‌ಮೆಂಟಿನಲ್ಲಿ ತರಬೇತಿ ಕೊಡುತ್ತಿದ್ದೆ. ಎಲ್ಲರೂ ನೋಟ್ಸ್ ಬರೆದುಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಶಿರಸಿ ಕಡೆಯ ಅಜ್ಜಿಯೊಬ್ಬರು, ಮಗನ ಮನೆಗೆ ಬಂದವರು, ಸುಮ್ನೆ ನಗುತ್ತಾ ಕೂತಿದ್ದರು. ‘ಏನಜ್ಜಿ?’ ಅಂದೆ. ‘ದರಕು ಹಾಕ್ದೆ ಗೊಬ್ಬರ ಮಾಡ್ತ್ರಾ? ಇದ್ನ ಹೇಳ್ಕೊಡೂಕೂ ಒಬ್ರು ಬೇಕಾ?’ ಅಂದರು. ದರಕು ಅಂದರೆ ಅವರ ಕಡೆ ಉದುರಿದ ಒಣ ಎಲೆ. ಸಭೆಯೆಲ್ಲ ನಕ್ಕಿತು. ನನ್ನ ಫೀಸು ಅಲ್ಲೇ ಅರ್ಧ ಕರಗಿದ ಹಾಗಾಯಿತು! ಆದರೆ ಅಜ್ಜಿ ಹೇಳಿದ್ದು ಸರಿ. ಅವರ ಊರಿನಲ್ಲಿ ಅಡಿಕೆ ತೋಟದ ಜೊತೆಗೆ, ಸೊಪ್ಪು ತರಲೆಂದೇ ಬಿಟ್ಟ ಕಾಡು, ಸೊಪ್ಪಿನ ಬೆಟ್ಟ ಅಂತಲೇ ಇರುತ್ತದೆ. ಬೇಸಿಗೆಯಲ್ಲಿ ದರಕು ಗುಡಿಸಿ ತಂದು ಒಟ್ಟುತ್ತಾರೆ, ಮಳೆಗಾಲದಲ್ಲಿ ಹಸಿ ಸೊಪ್ಪು. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸುತ್ತಾರೆ. ಸಗಣಿ, ಗಂಜಲ ಹೀರಿಕೊಂಡ ಆ ಹಾಸು ಗೊಬ್ಬರಗುಂಡಿಗೆ ಹೋಗುತ್ತದೆ. ಬರೀ ಸಗಣಿಯನ್ನೇ ಗುಂಡಿಗೆ ತುಂಬುವುದಿಲ್ಲ.

ಬೆಂಗಳೂರಿನವರಿಗೂ ಇದು ಹೊಸದೇನಲ್ಲ. 1939ರಲ್ಲಿ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಊರಿನ ಕಸ ಮತ್ತು ಮಲದಿಂದ ಗೊಬ್ಬರ ಮಾಡುವ ಕ್ರಮವೊಂದನ್ನು ರೂಪಿಸಿದರು. ಅದು ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ‘ಬೆಂಗಳೂರು ವಿಧಾನ’ ಅಂತಲೇ ಇದೆ. ಕಂದಕ ತೋಡಿ 15 ಸೆಂಟಿಮೀಟರ್ ಕಸ, ಅದರ ಮೇಲೆ 5 ಸೆಂಟಿಮೀಟರ್ ಮಲ, ಮತ್ತೆ ಕಸ, ಹೀಗೆ ಪದರ. ಮೂರಕ್ಕೆ ಒಂದು. ಎಲ್ಲಕ್ಕಿಂತ ಮೇಲೆ ದಪ್ಪನೆಯ ಕಸದ ಪದರ, ಅದರ ಮೇಲೆ ಮಣ್ಣು. ಅದು ಗಾಳಿಯಾಡದಂತೆ ಮುಚ್ಚಿ ನಾಲ್ಕಾರು ತಿಂಗಳು ಬಿಡುವ ವಿಧಾನ, ಮನೆಯಲ್ಲಿ ಮಾಡುವಂಥದ್ದಲ್ಲ. ಆದರೆ ಒದ್ದೆ ಪದಾರ್ಥ ಕಡಿಮೆ, ಅದನ್ನು ಹೀರುವ ಪದಾರ್ಥ ಜಾಸ್ತಿ ಅನ್ನುವ ಲೆಕ್ಕ ಅಲ್ಲೂ ಇದೆ ನೋಡಿ.

ಹುಳದ ಬಗ್ಗೆ ಎರಡು ಮಾತು. ದಪ್ಪ, ಬೂದು ಬಣ್ಣದ ಹುಳ ಕಂಡರೆ ಕಿರುಚಬೇಡಿ. ಅದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ, ಕಸವನ್ನು ಬೇಗ ಬೇಗ ತಿಂದು ಮುಗಿಸುತ್ತದೆ. ಅದು ಇಷ್ಟವಿಲ್ಲದಿದ್ದರೆ ಮೇಲೊಂದು ದಪ್ಪ ಪದರ ಒಣ ಎಲೆ ಹಾಕಿ. ಮತ್ತೆ ಅದೇ ಎಲೆ, ಏನು ಮಾಡಲಿ!

ಗೊಬ್ಬರ ಬಳಸುವಾಗಲೂ ಆತುರ ಕಾಣುತ್ತದೆ. ಕಪ್ಪಾಯಿತು ಅಂದ ಕೂಡಲೇ ತುಳಸಿ ಕುಂಡಕ್ಕೆ ಸುರಿಯುತ್ತಾರೆ, ಒಂದೇ ವಾರಕ್ಕೆ ಎಲೆ ಹಳದಿ. ಗೊಬ್ಬರ ‘ಹೀಟ್’ ಆಯಿತು ಅನ್ನುತ್ತಾರೆ. ನಿಜವಾಗಿ ಆಗುವುದು ಇಷ್ಟು: ಅರೆಬೆಂದ ಗೊಬ್ಬರ ಕುಂಡದಲ್ಲೂ ಕೊಳೆಯುತ್ತಲೇ ಇರುತ್ತದೆ. ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಎಳೆದುಕೊಳ್ಳುತ್ತವೆ, ಹುಳಿಯಾದ ಆಮ್ಲಗಳು ಬೇರಿಗೆ ತಗಲುತ್ತವೆ. ಆದ್ದರಿಂದ ಡಬ್ಬಿ ತುಂಬಿದ ಮೇಲೆ ಎರಡು ತಿಂಗಳಾದರೂ ಬಿಡಿ. ಆಮೇಲೆ ಒಂದು ಹಿಡಿಯನ್ನು ಸ್ವಲ್ಪ ಒದ್ದೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಗಿದೆ, ಹುಳಿ ವಾಸನೆ ಬಂದರೆ ಕಾಯಿರಿ. ಇನ್ನೂ ಅನುಮಾನ ಇದ್ದರೆ ಒಂದು ಬಟ್ಟಲಲ್ಲಿ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಬರೀ ಮಣ್ಣು ಹಾಕಿ ಎರಡಕ್ಕೂ ಮೆಂತ್ಯ ಬಿತ್ತಿ. ಎರಡೂ ಒಂದೇ ಥರ ಮೊಳೆತರೆ ಧೈರ್ಯವಾಗಿ ಬಳಸಿ.

ಕುಂಡಕ್ಕೆ ಮೂರರಲ್ಲಿ ಒಂದು ಪಾಲು ಗೊಬ್ಬರ ಸಾಕು. ಬರೀ ಗೊಬ್ಬರದಲ್ಲೇ ಗಿಡ ನೆಟ್ಟರೆ ದಿನ ಕಳೆದಂತೆ ಅದು ಕುಸಿದು ಅಂಟಂಟಾಗುತ್ತದೆ. ಡಬ್ಬಿಯ ಕೆಳಗೆ ಇಳಿಯುವ ಕಪ್ಪು ನೀರನ್ನು ಕೆಲವರು ಅಮೃತ ಅಂದುಕೊಂಡು ಸೊಪ್ಪಿನ ಮೇಲೆ ಸಿಂಪಡಿಸುತ್ತಾರೆ. ಹಸಿಯಾಗಿ ತಿನ್ನುವ ಗಿಡಕ್ಕೆ ಅದು ಬೇಡ ಅಂತಲೇ ನನ್ನ ಸಲಹೆ. ಹೂವಿನ ಗಿಡಕ್ಕೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಬಹುದು. ಹಾಗೆ ನೋಡಿದರೆ, ಕಪ್ಪು ನೀರು ಲೋಟಗಟ್ಟಲೆ ಬರುತ್ತಿದೆ ಅಂದರೆ ಎಲೆ ಸಾಲದು ಅಂತಲೇ ಅರ್ಥ.

ಹಾಗಾದರೆ ಎಲೆ ಎಲ್ಲಿಂದ ತರುವುದು? ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಜಯನಗರ, ಮಲ್ಲೇಶ್ವರದ ಬೀದಿಗಳಲ್ಲಿ ಓಡಾಡಿ. ಹೊಂಗೆ, ಮಳೆಮರ ಎಲೆ ಉದುರಿಸಿರುತ್ತವೆ. ಮಳೆಮರದ್ದು ಪುಟಾಣಿ ಎಲೆ, ಪುಡಿ ಮಾಡುವ ಕೆಲಸವೇ ಇಲ್ಲ. ಹೊಂಗೆ ಕೈಯಲ್ಲೇ ಪುಡಿಯಾಗುತ್ತದೆ. ಮಾವು, ಹಲಸು ಮೇಣದಂಥ ಎಲೆಗಳು, ನಿಧಾನ. ಅವನ್ನು ಗೋಣಿಚೀಲದಲ್ಲಿ ಹಾಕಿ ಮಕ್ಕಳ ಕೈಲಿ ತುಳಿಸಿ. ನೀಲಗಿರಿ ಬೇಡ. ಗುಡ್ಡೆ ಹಾಕಿಟ್ಟ ಪೌರಕಾರ್ಮಿಕರನ್ನು ಕೇಳಿದರೆ ಖುಷಿಯಿಂದ ಕೊಡುತ್ತಾರೆ, ಅವರಿಗೆ ಹೊರುವ ಕೆಲಸ ತಪ್ಪುತ್ತದೆ. ಬೀದಿಯಲ್ಲಿ ಕಸ ಸುಡಬಾರದು ಅಂತ 2016ರಲ್ಲೇ ಘನತ್ಯಾಜ್ಯ ನಿಯಮಗಳು ಹೇಳಿದ್ದರೂ ಎಷ್ಟೋ ಕಡೆ ಇನ್ನೂ ಎಲೆಗೆ ಬೆಂಕಿ ಇಡುತ್ತಾರೆ. ಫೆಬ್ರವರಿಯಲ್ಲಿ ಎಲೆಯನ್ನು ಲಾರಿಗೆ ತುಂಬಿ ಕಳಿಸಿ, ಜೂನ್‌ನಲ್ಲಿ ದುಡ್ಡು ಕೊಟ್ಟು ಮರದ ಹೊಟ್ಟು ತರಿಸುವ ಅಪಾರ್ಟ್‌ಮೆಂಟುಗಳನ್ನು ಕಂಡರೆ ನನಗೆ ತಲೆ ಕೆಡುತ್ತದೆ. ಮರವೇ ಇಲ್ಲದ ಬಡಾವಣೆಯವರು ಮೊಟ್ಟೆಯ ಟ್ರೇ, ಬಣ್ಣದ ಹೊಳಪಿಲ್ಲದ ರಟ್ಟು ಹರಿದು ಹಾಕಬಹುದು.

ವರ್ಷಕ್ಕೆ ಬೇಕಾದಷ್ಟು ಎಲೆ ಬೇಸಿಗೆಯಲ್ಲೇ ತುಂಬಿಸಿಡಬೇಕು. ಮಳೆ ಶುರುವಾದ ಮೇಲೆ ಒಣ ಎಲೆ ಸಿಗುವುದಿಲ್ಲ. ಹೀಗೆ ಹೇಳಿದಾಗಲೆಲ್ಲ ಸಂಘದ ಕಾರ್ಯದರ್ಶಿಗಳು ಒಂದೇ ಆಕ್ಷೇಪ ತೆಗೆಯುತ್ತಾರೆ: ‘ಎಲೆ ಚೀಲ ಇಟ್ಟರೆ ಹಾವು ಬರುತ್ತೆ.’ ಐದನೇ ಮಹಡಿಯ ಟೆರೇಸಿಗೆ ಬರುವಷ್ಟು ಉತ್ಸಾಹದ ಹಾವನ್ನು ನಾನಿನ್ನೂ ನೋಡಿಲ್ಲ. ಜಿರಳೆ, ಇಲಿ ಬರಬಹುದು, ಅದು ನಿಜ. ಚೀಲಕ್ಕೆ ತುಂಬುವ ಮೊದಲು ಎಲೆಯನ್ನು ಒಂದು ದಿನ ಬಿಸಿಲಿಗೆ ಹರಡಿ, ಪ್ಲಾಸ್ಟಿಕ್ ಚೂರು ಆರಿಸಿ, ಬಾಯಿ ಬಿಗಿಯಾಗಿ ಕಟ್ಟಿ, ಇಟ್ಟಿಗೆಯ ಮೇಲೆ ನೆಲದಿಂದ ಎತ್ತರದಲ್ಲಿ ಇಡಿ. ಮಳೆ ಎರಚಲು ತಾಗದಿದ್ದರೆ ಆಯಿತು.