ಕಮಾನಿನ ಕೆಳಗಿನ ಜಾಗ ಯಾರದು?

ಪ್ರಶ್ನೆ: ಮಲೇಷ್ಯಾದ ಪಿನಾಂಗ್ ದ್ವೀಪದ ಜಾರ್ಜ್ ಟೌನ್‌ನಲ್ಲಿ ಹಳೆಯ ಮನೆಗಳ ಮುಂದಿನ ಕಮಾನುಗಳ ಅಡಿಯಲ್ಲಿ ಜನ ಸಲೀಸಾಗಿ ಓಡಾಡುತ್ತಾರಲ್ಲ, ಅದು ಮನೆಯವರ ಜಗಲಿಯೋ, ಊರಿನ ಕಾಲುದಾರಿಯೋ? ಕೇಳದೆ ನಡೆದರೆ ತಪ್ಪೇ?

ಉತ್ತರ: ತಪ್ಪಿಲ್ಲ, ನಿಸ್ಸಂಕೋಚವಾಗಿ ನಡೆಯಿರಿ. ಸಾಮಾನ್ಯವಾಗಿ ಅಲ್ಲಿ ನೆಲ ಮನೆಯ ಒಡೆಯರದು, ನಡೆಯುವ ಹಕ್ಕು ಎಲ್ಲರದು.

ಇದನ್ನು ನಿಯಮವಾಗಿ ಬರೆದವರು ಸಿಂಗಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಸ್ಟ್ಯಾಮ್‌ಫರ್ಡ್ ರಾಫಲ್ಸ್. ಇಟ್ಟಿಗೆ, ಹೆಂಚಿನ ಮನೆಗಳಿಗೆಲ್ಲ ಒಂದೇ ಬಗೆಯ ಮುಂಭಾಗವಿರಬೇಕು, ಪ್ರತಿ ಮನೆಯ ಮುಂದೆಯೂ ನಿಗದಿತ ಅಗಲದ ಮೊಗಸಾಲೆ ಇರಬೇಕು, ಅದು ಬೀದಿಯುದ್ದಕ್ಕೂ ಸದಾ ತೆರೆದ ದಾರಿಯಾಗಿರಬೇಕು ಎಂದು 1822ರ ಪಟ್ಟಣ ಯೋಜನೆಯ ಸೂಚನೆಗಳಲ್ಲಿ ಅವರು ವಿಧಿಸಿದರು. ಜಾರ್ಜ್ ಟೌನ್ ಸೇರಿದಂತೆ ಮಲಕ್ಕಾ ಜಲಸಂಧಿಯ ಇತರ ಬ್ರಿಟಿಷ್ ಬಂದರುಗಳಿಗೂ ಈ ಪದ್ಧತಿ ಹಬ್ಬಿತು. ಮಲಯ ಭಾಷೆಯಲ್ಲಿ ಇದಕ್ಕೆ ‘ಕಾಕಿ ಲಿಮಾ’, ಅಂದರೆ ಐದಡಿ ಎನ್ನುತ್ತಾರೆ. ಅಗಲ ಹಲವೆಡೆ ಅದಕ್ಕಿಂತ ಹೆಚ್ಚೇ ಇದೆ.

ತನ್ನ ನೆಲವನ್ನು ದಾರಿಹೋಕರಿಗೆ ಬಿಟ್ಟುಕೊಟ್ಟ ಒಡೆಯನಿಗೆ ಏನು ಸಿಕ್ಕಿತು? ತಲೆಯೆತ್ತಿ ನೋಡಿದರೆ ಗೊತ್ತಾಗುತ್ತದೆ. ಮೊಗಸಾಲೆಯ ಮೇಲೆ ಅವನ ಮಹಡಿಯ ಕೋಣೆ ಬೀದಿಯವರೆಗೆ ಚಾಚಿಕೊಂಡಿರುತ್ತದೆ, ಕಂಬಗಳು ಅದರ ಭಾರ ಹೊರುತ್ತವೆ. ಕೆಳಗೆ ಬಿಟ್ಟದ್ದನ್ನು ಅವನು ಮೇಲೆ ಪಡೆದ. ಕಿರಿದಾದ ಮುಂಭಾಗ, ಹಿಂದಕ್ಕೆ ಬಹಳ ಉದ್ದ, ನಡುವೆ ಗಾಳಿಬೆಳಕಿಗೆ ತೆರೆದ ಅಂಗಳ: ಇಂಥ ಮನೆಯಲ್ಲಿ ಬೀದಿಬದಿಯ ಕೋಣೆಯ ಬೆಲೆ ದೊಡ್ಡದು. ಕೆಲವು ಮನೆಗಳಲ್ಲಿ ಆ ಕೋಣೆಯ ನೆಲಹಾಸಿನಲ್ಲೇ ಒಂದು ಇಣುಕುಕಿಂಡಿ ಇರುತ್ತದೆ. ಬಾಗಿಲು ತಟ್ಟಿದವರು ಯಾರೆಂದು ಮೇಲಿನಿಂದಲೇ ನೋಡಿಕೊಳ್ಳಬಹುದು. ಈ ಕಟ್ಟಡಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ವಿವರ ಅದು.

ಆದರೆ ಜಗಳವೇನೂ ತಪ್ಪಲಿಲ್ಲ. ನೆರಳಿದ್ದಲ್ಲಿ ವ್ಯಾಪಾರ ಕೂರುತ್ತದೆ. ಕ್ಷೌರಿಕರು, ಚಮ್ಮಾರರು, ಕಾಗದ ಬರೆದುಕೊಡುವವರು ಕಂಬಗಳ ನಡುವೆ ನೆಲೆಯೂರಿದರು, ಅಂಗಡಿಯವರು ಸರಕು ಹೊರಗೆ ಹರಡಿದರು. 1888ರಲ್ಲಿ ಸಿಂಗಪುರದ ಪುರಸಭೆ ಮೊಗಸಾಲೆಗಳನ್ನು ಬಲವಂತವಾಗಿ ತೆರವು ಮಾಡಿಸಲು ಹೊರಟಾಗ ಗಲಭೆಯೇ ಎದ್ದಿತು. ಮಲೇಷ್ಯಾದಲ್ಲಿ 1974ರ ರಸ್ತೆ, ಚರಂಡಿ ಮತ್ತು ಕಟ್ಟಡ ಕಾಯಿದೆ ಕಾಲುದಾರಿಯ ವ್ಯಾಖ್ಯೆಯೊಳಗೆ ಬೀದಿಬದಿಯ ಮೊಗಸಾಲೆಗಳನ್ನೂ ಸೇರಿಸಿದೆ.

ಆದರೂ ನೀವು ನಡೆಯುವಾಗ ದಾರಿ ಅಲ್ಲಲ್ಲಿ ತುಂಡಾಗುತ್ತದೆ. ಒಂದು ಮನೆಯ ನೆಲ ಎತ್ತರ, ಪಕ್ಕದ್ದು ತಗ್ಗು. ಒಂದು ಕಡೆ ಸಾಲು ಬೈಕುಗಳು, ಇನ್ನೊಂದು ಕಡೆ ಮೇಜು ಕುರ್ಚಿಗಳು, ಮತ್ತೆಲ್ಲೋ ಅಡ್ಡಗೋಡೆ. ಹಳೆಯ ಮನೆಗಳ ಬಾಡಿಗೆ ಏರದಂತೆ ತಡೆದಿದ್ದ ಬಾಡಿಗೆ ನಿಯಂತ್ರಣ 2000ದಲ್ಲಿ ಕೊನೆಗೊಂಡ ಮೇಲೆ ಹಳೆಯ ಬಾಡಿಗೆದಾರರು ಅನೇಕರು ಹೊರಟುಹೋದರು. 2008ರಲ್ಲಿ ಜಾರ್ಜ್ ಟೌನ್‌ಗೆ ವಿಶ್ವ ಪರಂಪರೆಯ ಮನ್ನಣೆ ಬಂತು, ಮನೆಗಳು ಹೋಟೆಲು, ಕೆಫೆಗಳಾದವು. ಗಿಲಾವು, ಬಣ್ಣ, ಕೆತ್ತನೆಗಳನ್ನೆಲ್ಲ ಜೋಪಾನವಾಗಿ ಉಳಿಸಿ, ಮೊಗಸಾಲೆಗೆ ಮಾತ್ರ ಅಡ್ಡ ಕಟ್ಟಿದರೆ ಅದನ್ನು ಸಂರಕ್ಷಣೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದೇ ಮನೆ ದಾರಿ ಮುಚ್ಚಿದರೂ ಇಡೀ ಸಾಲಿನ ಜನ ಸುಡುಬಿಸಿಲಿಗೆ, ವಾಹನಗಳ ನಡುವೆ ಇಳಿಯಬೇಕಾಗುತ್ತದೆ.

ಒಂದು ಎಚ್ಚರ: ಹಕ್ಕು ಇರುವುದು ನಡೆಯಲು ಮಾತ್ರ. ಕೆಲವು ಮನೆಗಳಿಗೆ ಅರ್ಧ ಎತ್ತರದ ಹೊರಬಾಗಿಲು ಇರುತ್ತದೆ, ಗಾಳಿಗಾಗಿ ಒಳಬಾಗಿಲು ತೆರೆದಿಟ್ಟಿರುತ್ತಾರೆ. ಒಳಗೆ ಇಣುಕಿ ಫೋಟೊ ತೆಗೆಯುವ ಮೊದಲು ಮನೆಯವರನ್ನು ಕೇಳಿ.