ವಲಸೆ ವಕೀಲರ ಆಫೀಸು ಎಷ್ಟು ಫೈಲು ಹಿಡಿಯಬಹುದು?

ಬೆಂಗಳೂರಿನಲ್ಲಿ ಲಾ ಮುಗಿಸಿ, ಅಮೆರಿಕಕ್ಕೆ ಬಂದು ಎಲ್‌ಎಲ್‌ಎಂ ಮಾಡಿ, ನ್ಯೂಯಾರ್ಕ್ ಬಾರ್ ಪರೀಕ್ಷೆ ಪಾಸಾದ ಹುಡುಗ ಹುಡುಗಿಯರು ಈಚೆಗೆ ನನಗೆ ಆಗಾಗ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಮ್ಮಿ ಒಂದೇ. "ಮೇಡಂ, ಸ್ವಂತ ಇಮಿಗ್ರೇಷನ್ ಪ್ರಾಕ್ಟೀಸ್ ಶುರು ಮಾಡಿದ್ದೀನಿ, ಕೇಸು ಬರ್ತಾ ಇವೆ. ಇದನ್ನ ದೊಡ್ಡದು ಮಾಡೋದು ಹೇಗೆ?"

ಕೇಸು ಬರುವುದರಲ್ಲಿ ಆಶ್ಚರ್ಯವೇನಿಲ್ಲ. ವಲಸೆ ಕಾನೂನು ಫೆಡರಲ್ ಕಾನೂನು. ಹಾಗಾಗಿ ಯಾವುದಾದರೂ ಒಂದು ರಾಜ್ಯದ ಲೈಸೆನ್ಸ್ ಇದ್ದರೆ ಐವತ್ತೂ ರಾಜ್ಯಗಳ ಜನರ ವಲಸೆ ಅರ್ಜಿ ಹಾಕಬಹುದು. ನ್ಯೂಜೆರ್ಸಿಯಲ್ಲಿ ಒಬ್ಬರ ಎಚ್‌1ಬಿ (ಪರಿಣತ ನೌಕರರಿಗೆ ಕೊಡುವ ಕೆಲಸದ ವೀಸಾ) ಚೆನ್ನಾಗಿ ಮಾಡಿಕೊಟ್ಟರೆ ಡಲ್ಲಾಸಿನಲ್ಲಿರುವ ಅವರ ಭಾವಮೈದ, ಸಿಯಾಟಲ್‌ನ ಕಾಲೇಜು ಗೆಳೆಯ, ಕನ್ನಡ ಕೂಟದಲ್ಲಿ ಪಕ್ಕ ಕೂತು ಊಟ ಮಾಡಿದವರು, ಎಲ್ಲರೂ ಅದೇ ನಂಬರಿಗೆ ಫೋನ್ ಮಾಡುತ್ತಾರೆ. ಬೇರೆ ವಕೀಲರಿಗೆ ರಾಜ್ಯದ ಗಡಿ ಇರುತ್ತದೆ. ನಮ್ಮ ಗಡಿ ನಾವೇ ಹಾಕಿಕೊಳ್ಳಬೇಕು. ಹಾಕಿಕೊಳ್ಳದವರ ಆಫೀಸಿನಲ್ಲಿ ಮೊದಲ ಎರಡು ಮೂರು ವರ್ಷ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಒಂದು ವಾರ ಬರುತ್ತದೆ.

ಆ ವಾರಕ್ಕೆ ಅಳತೆ ಮಾಡಿ ಆಫೀಸು ಕಟ್ಟಿ, ಮಾಮೂಲಿ ವಾರಕ್ಕೆ ಕಟ್ಟಬೇಡಿ ಅನ್ನುವುದೇ ನನ್ನ ಉತ್ತರ. ಈ ಕೆಲಸದಲ್ಲಿ ಒತ್ತಡ ಯಾವಾಗ ಬರಬೇಕು ಅಂತ ತೀರ್ಮಾನ ಮಾಡುವುದು ಸರ್ಕಾರ.

2025ರ ಸೆಪ್ಟೆಂಬರ್ 19 ನೆನಪಿದೆ ಅಲ್ವಾ? ಶುಕ್ರವಾರ. ಹೊಸ ಎಚ್‌1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು ಅನ್ನುವ ಆದೇಶಕ್ಕೆ ಅಧ್ಯಕ್ಷರು ಸಹಿ ಹಾಕಿದರು. ಭಾನುವಾರ ಮಧ್ಯರಾತ್ರಿ 12 ಗಂಟೆ 1 ನಿಮಿಷಕ್ಕೆ ಜಾರಿ, ಅಂದರೆ ಭಾರತದಲ್ಲಿ ಭಾನುವಾರ ಬೆಳಗ್ಗೆ ಒಂಬತ್ತೂವರೆ. ಅವತ್ತೇ ಮಹಾಲಯ ಅಮಾವಾಸ್ಯೆ, ಮಾರನೇ ದಿನದಿಂದ ದಸರಾ. ರಜೆಗೆ ಅಂತ ಎಷ್ಟೋ ಜನ ಊರಿಗೆ ಹೋಗಿದ್ದರು. ತಕ್ಷಣ ವಾಪಸ್ ಬನ್ನಿ ಅಂತ ಕಂಪನಿಗಳು ಮೇಲ್ ಕಳಿಸಿದವು. ಆದೇಶದ ಮಾತುಗಳನ್ನು ಓದಿದರೆ ಹಳೆಯ ವೀಸಾ ಇದ್ದು ಹೊರಗೆ ಹೋದವರಿಗೂ ಅನ್ವಯಿಸುತ್ತದೋ ಏನೋ ಅಂತ ಅನುಮಾನ ಬರುವಂತಿತ್ತು. ಮೈಸೂರಿನಲ್ಲಿ ಅಪ್ಪ ಅಮ್ಮನ ಮನೆಯಲ್ಲಿರುವವರು ಈಗಲೇ ವಿಮಾನ ಹತ್ತಬೇಕಾ? ಹತ್ತಿದರೂ ಬೆಂಗಳೂರಿನಿಂದ ಇಲ್ಲಿಗೆ ತಲುಪುವಷ್ಟರಲ್ಲಿ ಗಡುವು ಮುಗಿದಿರಬಹುದು. ಶನಿವಾರ ವಲಸೆ ಅರ್ಜಿ ನೋಡುವ ಸರ್ಕಾರಿ ಇಲಾಖೆ ಯುಎಸ್‌ಸಿಐಎಸ್ ಒಂದು ಮೆಮೋ ಹೊರಡಿಸಿ, ಇದು ಮುಂದೆ ಹಾಕುವ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗೆ ಅಲ್ಲ ಅಂದಿತು. ಅಷ್ಟರೊಳಗೆ ಜನ ಸಾವಿರಾರು ಡಾಲರ್ ಕೊಟ್ಟು ಟಿಕೆಟ್ ಕೊಂಡಿದ್ದರು.

ಆ ಒಂದೂವರೆ ದಿನ ಫೋನ್ ಎತ್ತಿದವರು ಯಾರು ಅನ್ನುವುದೇ ಇಲ್ಲಿ ಮುಖ್ಯ. "ನಾನು ಹೊರಡಬೇಕಾ, ಇಲ್ಲೇ ಇರಬೇಕಾ" ಅನ್ನುವ ಪ್ರಶ್ನೆಗೆ ಪ್ಯಾರಾಲೀಗಲ್ (ವಕೀಲರಲ್ಲದ ಕಾನೂನು ಸಹಾಯಕರು) ಉತ್ತರ ಕೊಡುವ ಹಾಗಿಲ್ಲ. ಅದು ಕಾನೂನು ಸಲಹೆ, ವಕೀಲರೇ ಕೊಡಬೇಕು. ನಿಮ್ಮಲ್ಲಿ ಆರು ಜನ ಪ್ಯಾರಾಲೀಗಲ್, ಒಬ್ಬರೇ ವಕೀಲರು, ಸಾವಿರ ಕ್ಲೈಂಟ್ ಇದ್ದರೆ ಅವತ್ತು ಸಾವಿರ ಜನ ಒಬ್ಬರನ್ನೇ ಕಾಯುತ್ತಿರುತ್ತಾರೆ. ಫಾರಂ ತುಂಬುವ ಕೈ ಎಷ್ಟು ಬೇಕಾದರೂ ಸೇರಿಸಬಹುದು, ಸಲಹೆ ಕೊಡುವ ತಲೆ ಎಷ್ಟಿದೆಯೋ ಆಫೀಸು ಅಷ್ಟೇ ದೊಡ್ಡದು.

ಅಂಥ ದಿನ ಅಪರೂಪ ಅಂದುಕೊಳ್ಳಬೇಡಿ. 2007ರ ಜುಲೈನಲ್ಲಿ ಉದ್ಯೋಗದ ಗ್ರೀನ್ ಕಾರ್ಡ್ ಸಾಲು ಬಹುತೇಕ ಪೂರ್ತಿ ತೆರೆದು, ಎರಡನೇ ತಾರೀಕಿಗೆ ಮುಚ್ಚಿ, 17ಕ್ಕೆ ಮತ್ತೆ ತೆರೆದು ಆಗಸ್ಟ್ 17ರವರೆಗೆ ಅವಕಾಶ ಕೊಟ್ಟರು. 2020ರ ಅಕ್ಟೋಬರ್‌ನಲ್ಲಿ ಭಾರತದ ಇಬಿ-3ರಲ್ಲಿ (ಉದ್ಯೋಗದ ಗ್ರೀನ್ ಕಾರ್ಡಿನ ಮೂರನೇ ವರ್ಗ, ಇಬಿ-2 ಎರಡನೇದು) ಅರ್ಜಿ ಹಾಕುವ ತಾರೀಕು ಒಂದೇ ಸಲಕ್ಕೆ 2015ರ ಜನವರಿಗೆ ಬಂತು, ಅಂದರೆ ಅದಕ್ಕೆ ಮುಂಚೆ ಸರದಿಗೆ ಸೇರಿದವರೆಲ್ಲ ಅರ್ಜಿ ಹಾಕಬಹುದಾಯಿತು. ವರ್ಷಗಟ್ಟಲೆ ಕಾದವರು ಇಬಿ-2 ಬಿಟ್ಟು ಇಬಿ-3ಕ್ಕೆ ಇಳಿದು, ಕುಟುಂಬದ ಎಲ್ಲರ ಐ-485 (ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿ) ಒಟ್ಟಿಗೆ ಹಾಕಿದರು. ಆ ಬಾಗಿಲು ಎಷ್ಟು ದಿನ ತೆರೆದಿರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಇದರ ಜೊತೆಗೆ ಪ್ರತಿ ವರ್ಷದ ಗಲಾಟೆ ಇದ್ದೇ ಇದೆ. ಮಾರ್ಚ್‌ನಲ್ಲಿ ಎಚ್‌1ಬಿ ನೋಂದಣಿ, 85,000 ವೀಸಾಕ್ಕೆ ಲಾಟರಿ, ಆಯ್ಕೆಯಾದವರ ಅರ್ಜಿ ಏಪ್ರಿಲ್ 1ರಿಂದ ಜೂನ್ ಕೊನೆಯೊಳಗೆ. 2026ರಿಂದ ಲಾಟರಿಯಲ್ಲಿ ಸಂಬಳದ ಮಟ್ಟಕ್ಕೂ ತೂಕ ಬಂದಿರುವುದರಿಂದ ಹುದ್ದೆ, ಜಾಗ, ಸಂಬಳ ಎಲ್ಲವನ್ನೂ ನೋಂದಣಿಗೆ ಮುಂಚೆಯೇ ಕೂತು ನೋಡಬೇಕು. ಏಪ್ರಿಲ್‌ನಲ್ಲಿ ಮಾಡುತ್ತಿದ್ದ ಕೆಲಸ ಫೆಬ್ರುವರಿಗೆ ಬಂದಿದೆ.

ಇಷ್ಟೆಲ್ಲ ಇರುವಾಗ ವಕೀಲರ ಸಮಯದಲ್ಲಿ ಐದರಲ್ಲಿ ಒಂದು ಪಾಲನ್ನು ಯಾವ ಫೈಲಿಗೂ ಕೊಡದೆ ಖಾಲಿ ಇಡಿ ಅಂತ ನಾನು ಹೇಳುತ್ತೇನೆ. ಕೇಳಿದವರಿಗೆ ದುಡ್ಡು ಸುಮ್ನೆ ಬಿಟ್ಟ ಹಾಗೆ ಅನ್ನಿಸುತ್ತದೆ. ಆದರೆ ಆ ಸಮಯ ಖಾಲಿ ಕೂರುವುದಿಲ್ಲ, ಕೆಲಸ ತಾನಾಗಿಯೇ ಬರುತ್ತದೆ. ಇನ್ನೊಂದು, ಫೈಲುಗಳನ್ನು ಎಣಿಸಬೇಡಿ, ತೂಗಿ. ಅದೇ ಕಂಪನಿ, ಅದೇ ಕೆಲಸದ ಎಚ್‌1ಬಿ ವಿಸ್ತರಣೆ ಹಗುರ. ಪರ್ಮ್ (ಗ್ರೀನ್ ಕಾರ್ಡಿಗೆ ಮೊದಲು ಕಂಪನಿ ಕಾರ್ಮಿಕ ಇಲಾಖೆಯಿಂದ ಪಡೆಯಬೇಕಾದ ಮಂಜೂರಾತಿ) ವರ್ಷಗಟ್ಟಲೆ ನಡೆಯುವ ಫೈಲು, ಅರ್ಧ ಕಾಲ ಸರ್ಕಾರದ ಬಳಿ ಸುಮ್ಮನೆ ಕೂತಿರುತ್ತದೆ, ಎದ್ದಾಗ ಮಾತ್ರ ಕಾಯುವುದಿಲ್ಲ. ನಾಲ್ಕು ಜನರ ಕುಟುಂಬದ ಐ-485 ಲೆಕ್ಕದಲ್ಲಿ ಒಂದೇ ಕ್ಲೈಂಟ್, ಕೆಲಸದಲ್ಲಿ ನಾಲ್ಕು ಅರ್ಜಿ. ಯಾವುದೇ ಹಗುರ ಫೈಲಿಗೂ ಆರ್‌ಎಫ್‌ಇ (ಇನ್ನಷ್ಟು ದಾಖಲೆ ಕೇಳುವ ಸರ್ಕಾರದ ನೋಟಿಸು) ಬಂತು ಅಂದರೆ ರಾತ್ರೋರಾತ್ರಿ ಭಾರ. ಅಮೆರಿಕನ್ ಬಾರ್ ಅಸೋಸಿಯೇಷನ್‌ನ ಮಾದರಿ ನಿಯಮ 1.3ರ ವಿವರಣೆಯಲ್ಲಿ ಇದನ್ನು ನೇರವಾಗಿ ಹೇಳಿದೆ: ಪ್ರತಿ ಕೇಸನ್ನೂ ಸರಿಯಾಗಿ ನಡೆಸಲು ಆಗುವಷ್ಟಕ್ಕೇ ವಕೀಲರು ಕೆಲಸದ ಹೊರೆ ಇಟ್ಟುಕೊಳ್ಳಬೇಕು.

ಈಗ ದುಡ್ಡಿನ ವಿಷಯ. ಹೊಸಬರು ಮುಗ್ಗರಿಸುವುದು ಜಾಸ್ತಿ ಇಲ್ಲೇ. ನಮ್ಮಲ್ಲಿ ಗಂಟೆ ಲೆಕ್ಕದ ಫೀಸು ಕಡಿಮೆ, ಕೇಸಿಗೆ ಇಷ್ಟು ಅಂತ ಗುತ್ತಿಗೆ ಫೀಸೇ ಹೆಚ್ಚು. ದುಡ್ಡು ಮೊದಲು ಬರುತ್ತದೆ, ಕೆಲಸ ಆಮೇಲೆ ತಿಂಗಳುಗಟ್ಟಲೆ ಇರುತ್ತದೆ. ಹೊಸ ಕ್ಲೈಂಟ್ ಕೊಟ್ಟ ಫೀಸಿನಲ್ಲಿ ಹಳೆ ಕ್ಲೈಂಟಿನ ಕೆಲಸ ಮಾಡುವವರ ಸಂಬಳ ಕೊಡುವ ಅಭ್ಯಾಸ ಬಿತ್ತು ಅಂದರೆ ಹೊಸ ಕೇಸು ಬೇಡ ಅನ್ನುವ ಶಕ್ತಿಯೇ ಹೋಗುತ್ತದೆ. ತಿಂಗಳ ಕೊನೆಗೆ ಸಂಬಳ ಆಗಬೇಕಾದರೆ ಮತ್ತೆ ಹತ್ತು ಕೇಸು ಹಿಡಿಯಲೇಬೇಕು. ಇದಕ್ಕೆ ಮದ್ದು ನಮ್ಮ ವೃತ್ತಿಯ ನಿಯಮದಲ್ಲೇ ಇದೆ. ಇನ್ನೂ ದುಡಿಯದ ಫೀಸು ಕ್ಲೈಂಟಿನದು, ಅದು ಟ್ರಸ್ಟ್ ಖಾತೆಯಲ್ಲಿ, ಅಂದರೆ ಕ್ಲೈಂಟಿನ ದುಡ್ಡನ್ನು ಬೇರೆಯಾಗಿ ಇಡುವ ಖಾತೆಯಲ್ಲಿ, ಇರಬೇಕು. ಗುತ್ತಿಗೆ ಫೀಸಿನ ವಿಷಯದಲ್ಲಿ ರಾಜ್ಯದಿಂದ ರಾಜ್ಯಕ್ಕೆ ವಿವರ ಬದಲಾಗುತ್ತದೆ, ನಿಮ್ಮ ರಾಜ್ಯದ್ದು ಓದಿಕೊಳ್ಳಿ. ಆದರೆ ನಿಯಮ ಸಡಿಲ ಇದ್ದರೂ ಹಂತ ಹಂತವಾಗಿಯೇ ದುಡ್ಡು ತೆಗೆದುಕೊಳ್ಳಿ. ಕರಾರಿನಲ್ಲೇ ಬರೆಯಿರಿ: ಕರಡು ಮುಗಿದಾಗ ಇಷ್ಟು, ಅರ್ಜಿ ಹೋದಾಗ ಇಷ್ಟು, ಆರ್‌ಎಫ್‌ಇ ಬಂದರೆ ಬೇರೆ ಇಷ್ಟು. ಪರ್ಮ್ ಫೀಸನ್ನು ಮಾತ್ರ ಕಂಪನಿಯೇ ಕೊಡಬೇಕು, 2007ರಿಂದ ಇರುವ ನಿಯಮ. ಕಂಪನಿ ಒಪ್ಪಲಿಲ್ಲ, ನಾನೇ ಕೊಡ್ತೀನಿ ಅಂತ ನೌಕರ ಎಷ್ಟು ಕೇಳಿಕೊಂಡರೂ ತೆಗೆದುಕೊಳ್ಳಬೇಡಿ.

ಒಂದೇ ದೊಡ್ಡ ಕಂಪನಿ ನಿಮ್ಮ ಅರ್ಧ ಆದಾಯ ಕೊಡುವ ಸ್ಥಿತಿಗೂ ಹೋಗಬೇಡಿ. 2023ರಲ್ಲಿ ಟೆಕ್ ಕಂಪನಿಗಳು ಜನರನ್ನು ತೆಗೆದು, ಜೊತೆಗೇ ಪರ್ಮ್ ಅರ್ಜಿಗಳನ್ನೂ ನಿಲ್ಲಿಸಿದವು. ಆರು ತಿಂಗಳೊಳಗೆ ಅದೇ ಬಗೆಯ ಕೆಲಸದಿಂದ ತೆಗೆದವರಿದ್ದರೆ ಮೊದಲು ಅವರಿಗೆ ತಿಳಿಸಿ ಪರಿಗಣಿಸಬೇಕು ಅನ್ನುವ ನಿಯಮ ಇದೆಯಲ್ಲ. ನಿಮ್ಮ ಬಾಡಿಗೆ, ನಿಮ್ಮವರ ಸಂಬಳ ಎಲ್ಲ ಅಂಥ ಒಂದು ಕಂಪನಿಯ ತೀರ್ಮಾನಕ್ಕೆ ಜೋತುಬಿದ್ದಿರಬಾರದು.

ಜನ ಸೇರಿಸುವ ವಿಷಯಕ್ಕೆ ಬಂದರೆ, ಬೆಂಗಳೂರು, ಹೈದರಾಬಾದಿನಲ್ಲಿ ಕೂತು ಇಲ್ಲಿನ ಲಾ ಆಫೀಸುಗಳಿಗೆ ಫೈಲು ತಯಾರಿಸುವವರು ಈಗ ಸಾಕಷ್ಟು ಇದ್ದಾರೆ. ಹೊರಗೆ ಕೊಟ್ಟು ಕೆಲಸ ಮಾಡಿಸುವುದು ತಪ್ಪಲ್ಲ ಅಂತ ಬಾರ್ ಅಸೋಸಿಯೇಷನ್ 2008ರಲ್ಲೇ ಅಭಿಪ್ರಾಯ ಕೊಟ್ಟಿದೆ. ಮೇಲ್ವಿಚಾರಣೆ, ಗೌಪ್ಯತೆ, ಜವಾಬ್ದಾರಿ ಮಾತ್ರ ವಕೀಲರದ್ದೇ. ನನಗೆ ಇದರಲ್ಲಿ ಕಾಣುವ ದೊಡ್ಡ ಲಾಭ ಕಡಿಮೆ ಸಂಬಳವಲ್ಲ. ನಮ್ಮ ಕಾಗದ ಪತ್ರ ಓದಲು ಬರುವವರು ಸಿಗುತ್ತಾರೆ.

ಕರ್ನಾಟಕದ ಒಂದು ಜನನ ಪ್ರಮಾಣಪತ್ರ ತೆಗೆದುಕೊಳ್ಳಿ. ಹಳೆಯ ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ಹುಟ್ಟಿದ ತಕ್ಷಣ ಆಸ್ಪತ್ರೆಯಿಂದ ನೋಂದಣಿ ಆಗಿರುತ್ತದೆ, ನಾಮಕರಣ ಆಮೇಲೆ. ಇನ್ನು ಕೆಲವರಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮಂಜುನಾಥ ಎಚ್.ಎಸ್., ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಬಿಡಿಸಿ ಬರೆದದ್ದು, ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಮೂರನೇ ಥರ. ಐ-485 ನೋಡುವ ಅಧಿಕಾರಿಗೆ ಇವರೆಲ್ಲ ಬೇರೆ ಬೇರೆ ಜನ. ಹೆಸರು ಸೇರಿಸಲು ನೋಂದಣಾಧಿಕಾರಿ ಬಳಿ ಹೋಗಬೇಕು, ದಾಖಲೆಯೇ ಇಲ್ಲದಿದ್ದರೆ ಲಭ್ಯವಿಲ್ಲ ಅನ್ನುವ ಪತ್ರ ತರಬೇಕು, ಅದರ ಜೊತೆಗೆ ಹಿರಿಯ ಸಂಬಂಧಿಕರ ಅಫಿಡವಿಟ್, ಕನ್ನಡದ ಕಾಗದಕ್ಕೆ ಅನುವಾದಕರ ದೃಢೀಕರಣ ಇರುವ ಇಂಗ್ಲಿಷ್ ಅನುವಾದ. ಇದೆಲ್ಲ ವಾರದಲ್ಲಿ ಆಗುವ ಕೆಲಸವಲ್ಲ. ಪರ್ಮ್ ಹಾಕುವಾಗಲೇ ಕುಟುಂಬದ ಎಲ್ಲರ ಜನನ, ಮದುವೆ ಪತ್ರ ತರಿಸಿ ನೋಡಿದ ಆಫೀಸಿಗೆ 2020ರ ಅಕ್ಟೋಬರ್‌ನಂಥ ತಿಂಗಳು ಬಂದರೆ ಬರೀ ದುಡಿಮೆ. ನೋಡದವರಿಗೆ ಪ್ರತಿ ಫೈಲಿಗೂ ಒಂದು ಹುಡುಕಾಟ, ಅದೂ ಕೋವಿಡ್ ಕಾಲದಲ್ಲಿ. ಖಾಲಿ ಇಟ್ಟ ಆ ಐದನೇ ಪಾಲು ಸಮಯ ಮಾಮೂಲಿ ತಿಂಗಳುಗಳಲ್ಲಿ ಹೋಗಬೇಕಾದದ್ದು ಈ ಕೆಲಸಕ್ಕೆ.

ಫಾರಂ ತುಂಬುವ ಸಾಫ್ಟ್‌ವೇರ್, ಎಐ ಎಲ್ಲ ಇಟ್ಟುಕೊಳ್ಳಿ, ಸಹಾಯ ಆಗುತ್ತದೆ. ಎಐ ಬರೆದುಕೊಟ್ಟದ್ದನ್ನು ವಕೀಲರೇ ಪರೀಕ್ಷಿಸಬೇಕು ಅಂತ ಬಾರ್ ಅಸೋಸಿಯೇಷನ್ 2024ರ ಜುಲೈನಲ್ಲಿ ಹೇಳಿದೆ, ಅದಕ್ಕೂ ಸಮಯ ತೆಗೆದಿಡಿ.

ಇನ್ನು ಯಾವಾಗ ನಿಲ್ಲಿಸಬೇಕು? ನನ್ನ ಅಳತೆ ಸರಳ. ಆರ್‌ಎಫ್‌ಇಗೆ ಉತ್ತರ ಕೊಡಲು ಹೆಚ್ಚೆಂದರೆ 84 ದಿನ, ಅಂಚೆಯಲ್ಲಿ ಬಂದಿದ್ದರೆ ಮೇಲೆ ಇನ್ನು 3 ದಿನ. ಅವಧಿ ವಿಸ್ತರಣೆ ಇಲ್ಲ, ಉತ್ತರ ಒಂದೇ ಸಲ. ನಿಮ್ಮ ಆಫೀಸಿನ ಉತ್ತರಗಳು ಕೊನೆಯ ವಾರದಲ್ಲಿ ಹೋಗಲು ಶುರುವಾದರೆ, ಅವತ್ತಿನಿಂದ ಹೊಸ ಫೈಲು ಬೇಡ. ಕ್ಲೈಂಟ್ ಕಾಗದ ತಡ ಮಾಡಿದರು ಅನ್ನುವ ಕಾರಣ ಒಂದೆರಡು ಸಲ ನಿಜ ಇರಬಹುದು, ಎಲ್ಲ ಫೈಲಿನಲ್ಲೂ ಅದೇ ಆದರೆ ಕ್ಲೈಂಟಿಗೆ ನೆನಪಿಸಲು ನಿಮ್ಮಲ್ಲಿ ಯಾರಿಗೂ ಪುರಸೊತ್ತಿಲ್ಲ ಅಂತ ಅರ್ಥ. ಮುಂದಿನದು ಇನ್ನೂ ದೊಡ್ಡದು. ಪರ್ಮ್ ಮಂಜೂರಾದ ಮೇಲೆ 180 ದಿನದೊಳಗೆ ಐ-140 (ನೌಕರನ ಪರವಾಗಿ ಕಂಪನಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ) ಹಾಕದಿದ್ದರೆ ಆ ಪರ್ಮ್ ಸತ್ತಂತೆ. ಅದರ ಜೊತೆ ಕ್ಲೈಂಟಿನ ಸರದಿಯ ತಾರೀಕೂ ಹೋಗುತ್ತದೆ. ಭಾರತದಲ್ಲಿ ಹುಟ್ಟಿದವರಿಗೆ ಆ ತಾರೀಕು ಅಂದರೆ ವರ್ಷಗಳು, ಮಗುವಿಗೆ 21 ತುಂಬುವ ಮುಂಚೆ ಗ್ರೀನ್ ಕಾರ್ಡ್ ಸಿಗುತ್ತದೋ ಇಲ್ಲವೋ ಅನ್ನುವ ಪ್ರಶ್ನೆ. ಇಂಥ ಗಡುವು ಒಬ್ಬರ ತಲೆಯಲ್ಲಿ, ಒಬ್ಬರ ಕ್ಯಾಲೆಂಡರಿನಲ್ಲಿ ಇರಲೇಬಾರದು. ಇಬ್ಬರು ಬೇರೆ ಬೇರೆ ಬರೆದುಕೊಳ್ಳಬೇಕು, ವಾರಕ್ಕೊಮ್ಮೆ ಕೂತು ಹೋಲಿಸಬೇಕು.

ಬೇಡ ಅನ್ನುವುದಕ್ಕೂ ಒಂದು ರೀತಿ ಇದೆ. ಗಡೀಪಾರು, ಆಶ್ರಯ ಕೋರುವ ಕೇಸುಗಳನ್ನು ನೀವು ದಿನಾ ಮಾಡುವವರಲ್ಲದಿದ್ದರೆ ಬೆಳೆಯುವ ಆಸೆಗೆ ಹಿಡಿಯಬೇಡಿ, ಅವನ್ನು ಚೆನ್ನಾಗಿ ಮಾಡುವ ಇಬ್ಬರು ಮೂವರ ಪರಿಚಯ ಇಟ್ಟುಕೊಳ್ಳಿ. ಫೋನ್ ಮಾಡಿದವರು ಕೆಲಸ ಕಳೆದುಕೊಂಡ ಎಚ್‌1ಬಿ ನೌಕರರಾಗಿದ್ದರೆ ಇಲ್ಲಿ ಉಳಿಯಲು ಅವರಿಗೆ ಇರುವುದು ಹೆಚ್ಚೆಂದರೆ 60 ದಿನ, ಐ-94 (ಎಲ್ಲಿಯವರೆಗೆ ಇರಬಹುದು ಅಂತ ತಿಳಿಸುವ ಪ್ರವೇಶ ದಾಖಲೆ) ಅದಕ್ಕೆ ಮೊದಲೇ ಮುಗಿದರೆ ಅಷ್ಟೂ ಇಲ್ಲ. ನಮ್ಮಲ್ಲಿ ಈಗ ಆಗಲ್ಲ ಅಂತ ಒಂದು ವಾರ ಬಿಟ್ಟು ಹೇಳಿದರೆ ಅವರ ಒಂದು ವಾರ ಹೋಯಿತು. ಅದೇ ಫೋನಿನಲ್ಲಿ ಕೊನೆಯ ಕೆಲಸದ ದಿನ ಯಾವುದು ಅಂತ ಕೇಳಿ, ಐ-94ರ ತಾರೀಕು ನೋಡಿಸಿ, ಗಡುವು ಇಂಥ ದಿನ ಅಂತ ಹೇಳಿ, ಇನ್ನೊಬ್ಬ ವಕೀಲರ ನಂಬರ್ ಕೊಡಿ. ಈ ಕೇಸು ನಾವು ಹಿಡಿದಿಲ್ಲ ಅನ್ನುವ ಮಾತು, ಆ ಗಡುವಿನ ತಾರೀಕು, ಎರಡನ್ನೂ ಬರೆದು ಅವತ್ತೇ ಮೇಲ್ ಕಳಿಸಿ.